‘ತಾಂತ್ರಿಕ ಕಾರಣ’ ಎಂಬ ಮಾತಿನ ಹಿಂದೆ

ಕೆಳಗಿನ ನ್ಯಾಯಾಲಯವು ಅಪರಾಧಿಯೆಂದು ತೀರ್ಮಾನಿಸಿ ಶಿಕ್ಷೆ ವಿಧಿಸಿದವನನ್ನು, ವಿಚಾರಣೆಯ ಕ್ರಮದಲ್ಲಿ ಲೋಪವಾಗಿದೆಯೆಂಬ ಕಾರಣದಿಂದ ಮೇಲಿನ ನ್ಯಾಯಾಲಯ ಬಿಡುಗಡೆ ಮಾಡಿದಾಗಲೆಲ್ಲ ನಮ್ಮ ಸಮಾಜದಲ್ಲಿ ಒಂದು ಮಾತು ತಪ್ಪದೆ ಕೇಳಿಬರುತ್ತದೆ: ‘ತಾಂತ್ರಿಕ ಕಾರಣದಿಂದ ತಪ್ಪಿಸಿಕೊಂಡ.’ ಅಂತರಸನಹಳ್ಳಿಯ ಮಾರುಕಟ್ಟೆ ಪ್ರಾಂಗಣದಲ್ಲಿ ವ್ಯಾಪಾರ ಮುಗಿಸಿ ನಿಂತವರು ಈ ಮಾತನ್ನು ಆಡುತ್ತಾರೆ. ಬಸದಿಗಳ ವಿಶ್ವಸ್ತ ಮಂಡಳಿಯ ಸಭೆಗಳಲ್ಲಿಯೂ ಇದೇ ಮಾತು ಬರುತ್ತದೆ. ಕಾನೂನಿಗೆ ಕರುಳಿಲ್ಲ, ಅದು ಕಾಗದವನ್ನು ನೋಡುತ್ತದೆಯೇ ಹೊರತು ಸತ್ಯವನ್ನು ನೋಡುವುದಿಲ್ಲ ಎಂಬುದು ಈ ಮಾತಿನ ಸಾರ. ವಿದ್ಯಾವಂತರೂ ಧರ್ಮಶ್ರದ್ಧೆಯುಳ್ಳವರೂ ಇದನ್ನು ಪ್ರಶ್ನಿಸದೆ ಒಪ್ಪಿಕೊಂಡಿರುವುದು ವಿಷಾದದ ಸಂಗತಿ. ಈ ಮಾತು ತಪ್ಪು, ಮತ್ತು ಅದನ್ನು ನಂಬುವ ಸಮಾಜಕ್ಕೇ ಅದರಿಂದ ಹೆಚ್ಚಿನ ಕೇಡು ಎಂಬುದು ಈ ಲೇಖನದ ವಾದ.

ನಮ್ಮ ರಾಜ್ಯದ್ದೇ ಆದ ಒಂದು ಸಣ್ಣ ಪ್ರಕರಣದಿಂದ ಆರಂಭಿಸೋಣ. ಗ್ರಾಮ ಪಂಚಾಯತಿಯೊಂದರ ಬಿಲ್ ಕಲೆಕ್ಟರ್ 2009ರಲ್ಲಿ 500 ರೂಪಾಯಿ ಲಂಚ ಪಡೆದನೆಂಬ ಆರೋಪಕ್ಕೆ ಒಳಗಾದನು. ಸಾರ್ವಜನಿಕ ನೌಕರನ ಮೇಲೆ ಭ್ರಷ್ಟಾಚಾರದ ಮೊಕದ್ದಮೆ ನಡೆಸಬೇಕಾದರೆ, ಅವನನ್ನು ಕೆಲಸದಿಂದ ತೆಗೆಯುವ ಅಧಿಕಾರವುಳ್ಳವರ ಪೂರ್ವಾನುಮತಿ ಬೇಕೆಂಬುದು ಭ್ರಷ್ಟಾಚಾರ ನಿಗ್ರಹ ಕಾಯಿದೆಯ ನಿಯಮ. ಈ ಪ್ರಕರಣದಲ್ಲಿ ಅನುಮತಿಪತ್ರಕ್ಕೆ ಸಹಿ ಮಾಡಿದವರಿಗೆ ಆ ಅಧಿಕಾರವಿರಲಿಲ್ಲ. ವಿಚಾರಣಾ ನ್ಯಾಯಾಲಯ ಇದನ್ನು ಗುರುತಿಸಿ ಆರೋಪಿಯನ್ನು ಬಿಡುಗಡೆ ಮಾಡಿತು. ಕರ್ನಾಟಕ ಉಚ್ಚ ನ್ಯಾಯಾಲಯವು ಆ ತೀರ್ಪನ್ನು ತಿರುಗಿಸಿ ಶಿಕ್ಷೆ ವಿಧಿಸಿತು. 2015ರಲ್ಲಿ ಸರ್ವೋಚ್ಚ ನ್ಯಾಯಾಲಯವು ಉಚ್ಚ ನ್ಯಾಯಾಲಯದ ತೀರ್ಪನ್ನು ರದ್ದುಪಡಿಸಿ, ಯೋಗ್ಯ ಅನುಮತಿಯಿಲ್ಲದೆ ನಡೆದ ವಿಚಾರಣೆ ಕಾನೂನಿನ ದೃಷ್ಟಿಯಲ್ಲಿ ವಿಚಾರಣೆಯೇ ಅಲ್ಲವೆಂದು ಹೇಳಿತು. ಕಾಲ ಬಹಳ ಸಂದಿದೆಯೆಂಬ ಕಾರಣದಿಂದ ಹೊಸದಾಗಿ ಮೊಕದ್ದಮೆ ನಡೆಸುವುದಕ್ಕೂ ಎಡೆ ಕೊಡಲಿಲ್ಲ.

ಇಲ್ಲಿ ತಪ್ಪು ಯಾರದು? ‘ತಾಂತ್ರಿಕ ಕಾರಣ’ ಎನ್ನುವವರು ಸರ್ವೋಚ್ಚ ನ್ಯಾಯಾಲಯದತ್ತ ಬೆರಳು ತೋರಿಸುತ್ತಾರೆ. ಆದರೆ ಸರಿಯಾದ ಅಧಿಕಾರಿಯಿಂದ ಒಂದು ಪತ್ರ ಪಡೆಯುವುದು ಕಷ್ಟದ ಕೆಲಸವಾಗಿರಲಿಲ್ಲ. ಆರಂಭದಲ್ಲಿಯೇ ಯಾರಾದರೂ ನಿಯಮವನ್ನು ಒಮ್ಮೆ ಓದಿದ್ದರೆ ಸಾಕಾಗಿತ್ತು. ಅಷ್ಟನ್ನು ಮಾಡದೆ ಆರು ವರ್ಷ ಮೂರು ನ್ಯಾಯಾಲಯಗಳ ಕಾಲವನ್ನು ವ್ಯಯಿಸಲಾಯಿತು. ಆ ನಿಯಮವೂ ನಿರರ್ಥಕವಾದುದಲ್ಲ. ನಿಷ್ಠಾವಂತ ನೌಕರನನ್ನು ದ್ವೇಷದಿಂದ ಕಟಕಟೆಗೆ ಎಳೆಯಬಾರದೆಂದು, ಅವನ ಕೆಲಸವನ್ನು ಬಲ್ಲ ಹಿರಿಯ ಅಧಿಕಾರಿಯೊಬ್ಬರು ಕಾಗದಪತ್ರಗಳನ್ನು ನೋಡಿ ವಿವೇಚಿಸಲಿ ಎಂಬ ಉದ್ದೇಶದಿಂದ ಅದನ್ನು ಮಾಡಲಾಗಿದೆ. ವಿವೇಚಿಸಬೇಕಾದವರು ವಿವೇಚಿಸಲಿಲ್ಲ ಎಂಬುದೇ ಆ ‘ತಾಂತ್ರಿಕ ದೋಷ’ದ ನಿಜವಾದ ಅರ್ಥ.

ಇದೇ ದೋಷವು ದೊಡ್ಡ ಪ್ರಕರಣವೊಂದರಲ್ಲಿ ಏನು ಮಾಡಿತೆಂಬುದನ್ನು ದೇವಾಲಯಗಳ ವಿಶ್ವಸ್ತರು ವಿಶೇಷವಾಗಿ ಗಮನಿಸಬೇಕು. 2002ರ ಸೆಪ್ಟೆಂಬರ್ 24ರಂದು ಗುಜರಾತಿನ ಗಾಂಧಿನಗರದ ಅಕ್ಷರಧಾಮ ಮಂದಿರದ ಮೇಲೆ ನಡೆದ ದಾಳಿಯಲ್ಲಿ ಮೂವತ್ತಕ್ಕೂ ಹೆಚ್ಚು ಜನ ಪ್ರಾಣ ಕಳೆದುಕೊಂಡರು. ವಿಶೇಷ ನ್ಯಾಯಾಲಯವು 2006ರಲ್ಲಿ ಆರು ಜನರಿಗೆ ಶಿಕ್ಷೆ ವಿಧಿಸಿತು. ಅವರಲ್ಲಿ ಮೂವರಿಗೆ ಮರಣದಂಡನೆ. ಗುಜರಾತ್ ಉಚ್ಚ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. 2014ರ ಮೇ 16ರಂದು ಸರ್ವೋಚ್ಚ ನ್ಯಾಯಾಲಯವು ಆ ಆರೂ ಜನರನ್ನು ದೋಷಮುಕ್ತಗೊಳಿಸಿತು. ಮೊಕದ್ದಮೆಗೆ ಅನುಮತಿ ನೀಡುವಾಗ ಮನಸ್ಸಿಟ್ಟು ಪರಿಶೀಲಿಸಿಲ್ಲ, ತಪ್ಪೊಪ್ಪಿಗೆಗಳನ್ನು ದಾಖಲಿಸುವಾಗ ಕಾನೂನು ಹೇಳಿದ ರಕ್ಷಣೆಗಳನ್ನು ಪಾಲಿಸಿಲ್ಲ, ಉಳಿದ ಸಾಕ್ಷ್ಯವೂ ನಂಬಲರ್ಹವಲ್ಲ ಎಂಬುದು ಅದರ ನಿರ್ಣಯ. ನಿರಪರಾಧಿಗಳು ವರ್ಷಾನುಗಟ್ಟಲೆ ಸೆರೆಯಲ್ಲಿ ಕೊಳೆತರು. ದಾಳಿಯ ಸಂಚಿಗಾಗಿ ಹೊರಿಸಿದ್ದ ಹೊಣೆ ಆ ಮೊಕದ್ದಮೆಯಲ್ಲಿ ಯಾರ ಮೇಲೂ ನಿಲ್ಲಲಿಲ್ಲ. ಮಂದಿರದಲ್ಲಿ ಮಡಿದವರ ಕುಟುಂಬಗಳಿಗೆ ಹನ್ನೆರಡು ವರ್ಷಗಳ ತರುವಾಯ ದೊರೆತದ್ದು ಇಷ್ಟೇ. ಇದನ್ನು ನ್ಯಾಯಾಲಯದ ಅತಿಸೂಕ್ಷ್ಮತೆಯ ಫಲವೆನ್ನಬೇಕೋ, ತನಿಖೆಯ ಅಜಾಗರೂಕತೆಯ ಫಲವೆನ್ನಬೇಕೋ ಓದುಗರೇ ನಿರ್ಧರಿಸಲಿ.

‘ಆದರೆ ವಿಳಂಬವೇ ಅನ್ಯಾಯವಲ್ಲವೆ? ಬೇಗ ವಿಚಾರಣೆ ನಡೆಸಿ ಬೇಗ ಶಿಕ್ಷೆ ಕೊಡಲಿ’ ಎಂದು ಕೆಲವರು ಹೇಳುತ್ತಾರೆ. ವಿಳಂಬವನ್ನು ಸಮರ್ಥಿಸುವವರು ಯಾರೂ ಇಲ್ಲ. ನಮ್ಮ ತುಮಕೂರು ಜಿಲ್ಲೆಯ ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ಗೋಪಾಲಪುರದಲ್ಲಿ 2010ರಲ್ಲಿ ದಲಿತ ಮಹಿಳೆಯೊಬ್ಬರ ಕೊಲೆಯಾಯಿತು. ತುಮಕೂರಿನ ಸೆಷನ್ಸ್ ನ್ಯಾಯಾಲಯವು 21 ಜನರಿಗೆ ಜೀವಾವಧಿ ಶಿಕ್ಷೆ ವಿಧಿಸಿದ್ದು 2024ರ ನವೆಂಬರಿನಲ್ಲಿ. ಹದಿನಾಲ್ಕು ವರ್ಷ ಕಾದ ಕುಟುಂಬದ ನೋವನ್ನು ಅಲ್ಲಗಳೆಯಲಾಗದು. ಆದರೆ ವಿಳಂಬಕ್ಕೆ ಮದ್ದು ಆತುರವಲ್ಲ. ಆತುರವು ವಿಳಂಬವನ್ನು ಇನ್ನಷ್ಟು ಬೆಳೆಸುತ್ತದೆ ಎಂಬುದಕ್ಕೆ ಮಧ್ಯಪ್ರದೇಶದ ಖಂಡ್ವಾ ಪ್ರಕರಣವೇ ನಿದರ್ಶನ.

2013ರ ಜನವರಿಯಲ್ಲಿ ಅಲ್ಲಿ ಒಂಬತ್ತು ವರ್ಷದ ಬಾಲಕಿಯೊಬ್ಬಳ ಮೇಲೆ ಅತ್ಯಾಚಾರ ನಡೆಸಿ ಕೊಲ್ಲಲಾಯಿತು. ಊರಿಗೆ ಊರೇ ಕೆರಳಿತು. ಯುವಕನೊಬ್ಬನನ್ನು ಬಂಧಿಸಿ, ಆರೋಪ ರೂಪಿಸಿದ ದಿನದಿಂದ ಹದಿಮೂರು ದಿನಗಳೊಳಗೆ ವಿಚಾರಣೆ ಮುಗಿಸಿ ಮರಣದಂಡನೆ ವಿಧಿಸಲಾಯಿತು. ಆ ದಿನ ಅದು ಶೀಘ್ರ ನ್ಯಾಯವೆಂದು ತೋರಿದ್ದಿರಬೇಕು. ಆರೋಪಿಯ ಪರವಾಗಿ ಉಚಿತ ಕಾನೂನು ನೆರವಿನ ವಕೀಲರನ್ನು ನೇಮಿಸಿದ್ದು ಆರೋಪ ರೂಪಿಸಿದ ದಿನವೇ ಆಗಿತ್ತು. ಕಾಗದಪತ್ರ ಓದುವುದಕ್ಕೂ ಕಕ್ಷಿಗಾರನೊಡನೆ ಮಾತನಾಡುವುದಕ್ಕೂ ಅವರಿಗೆ ವ್ಯವಧಾನವಿರಲಿಲ್ಲ. 2019ರ ಡಿಸೆಂಬರ್ 18ರಂದು ಸರ್ವೋಚ್ಚ ನ್ಯಾಯಾಲಯವು ಈ ಶಿಕ್ಷೆಯನ್ನು ರದ್ದುಪಡಿಸಿ ಹೊಸ ವಿಚಾರಣೆಗೆ ಆದೇಶಿಸಿತು. ಮರಣದಂಡನೆ ಅಥವಾ ಜೀವಾವಧಿ ಶಿಕ್ಷೆಗೆ ಆಸ್ಪದವಿರುವ ಪ್ರಕರಣಗಳಲ್ಲಿ ಹತ್ತು ವರ್ಷ ಅನುಭವವುಳ್ಳ ವಕೀಲರನ್ನೇ ನೇಮಿಸಬೇಕೆಂದೂ, ಸಿದ್ಧತೆಗೆ ಸಾಮಾನ್ಯವಾಗಿ ಕನಿಷ್ಠ ಏಳು ದಿನ ಕೊಡಬೇಕೆಂದೂ ನಿಯಮಿಸಿತು. ಮರುವಿಚಾರಣೆಯಲ್ಲಿ ಮತ್ತೆ ಮರಣದಂಡನೆಯಾಯಿತು. ಡಿಎನ್‌ಎ ಪರೀಕ್ಷೆ ಮಾಡಿದ ತಜ್ಞರನ್ನು ಸಾಕ್ಷಿಕಟ್ಟೆಗೆ ಕರೆದಿಲ್ಲವೆಂಬ ಕಾರಣದಿಂದ ಉಚ್ಚ ನ್ಯಾಯಾಲಯ ಅದನ್ನೂ ಹಿಂದಕ್ಕೆ ಕಳುಹಿಸಿತು. ಕೊನೆಗೆ 2024ರಲ್ಲಿ, ಆ ತಜ್ಞರ ಸಾಕ್ಷ್ಯವನ್ನು ಕ್ರಮವಾಗಿ ಪರಿಶೀಲಿಸಿದ ಮೇಲೆ, ಅವನು ದೋಷಿಯಲ್ಲವೆಂಬ ತೀರ್ಪು ಬಂದಿತು.

ಮೊದಲು ಲೋಪವೆಂದು ಕಂಡದ್ದು ವಕೀಲರ ನೇಮಕದ ದಿನಾಂಕ ಮಾತ್ರ. ಹೊರಗಿನವರ ಕಣ್ಣಿಗೆ ಅದು ಬರಿಯ ‘ತಾಂತ್ರಿಕ’ ವಿಷಯ. ಆದರೆ ಆ ದಿನಾಂಕದ ಹಿಂದೆ, ಕೇಳಬೇಕಾಗಿದ್ದ ಪ್ರಶ್ನೆಯನ್ನು ಯಾರೂ ಕೇಳಲಿಲ್ಲವೆಂಬ ಸತ್ಯ ಅಡಗಿತ್ತು. ಆ ಪ್ರಶ್ನೆಯನ್ನು ಕೇಳಿದಾಗ ಶಿಕ್ಷೆಯ ಆಧಾರವೇ ಕುಸಿಯಿತು. ಹನ್ನೊಂದು ವರ್ಷಗಳನ್ನು ಕಳೆದುಕೊಂಡ ಯುವಕನಂತೆಯೇ ಆ ಬಾಲಕಿಯ ತಾಯಿತಂದೆಯರೂ ವಂಚಿತರು. ಆರೋಪಿಯ ಹಕ್ಕು ಬೇರೆ, ಸಂತ್ರಸ್ತರ ಹಕ್ಕು ಬೇರೆ, ಒಂದನ್ನು ಕೊಟ್ಟರೆ ಇನ್ನೊಂದು ಕಡಿಮೆಯಾಗುತ್ತದೆ ಎಂಬ ನಂಬಿಕೆ ಇಲ್ಲಿಗೆ ಮುರಿದು ಬೀಳುತ್ತದೆ. ವಿಚಾರಣೆಯ ಕ್ರಮ ಇಬ್ಬರಿಗೂ ಸೇರಿದ ಆಸ್ತಿ.

ಎರಡನೆಯ ಆಕ್ಷೇಪ ಹೀಗಿದೆ: ‘ಈ ಕ್ರಮದ ಲಾಭ ಹಣವಂತರಿಗೆ ಮಾತ್ರ.’ ಹಣವಂತರು ನಿಪುಣ ವಕೀಲರನ್ನು ಇಟ್ಟುಕೊಳ್ಳಬಲ್ಲರು ಎಂಬುದು ನಿಜ. ಆದರೆ ಕ್ರಮವನ್ನು ತೆಗೆದುಹಾಕಿದರೂ ಆ ವಕೀಲರು ಅವರ ಬಳಿಯೇ ಇರುತ್ತಾರೆ. ಬಡವನಿಗೆ ಇರುವ ಒಂದೇ ಆಸರೆ ಕ್ರಮ, ಅದೂ ಹೋಗುತ್ತದೆ. ಇನ್ನೂ ಒಂದು ಮಾತು. ಬೆಂಗಳೂರಿನಲ್ಲಿ ನಡೆದ ಜಯಲಲಿತಾ ಪ್ರಕರಣವನ್ನು ನೆನೆಯಬಹುದು. ಚೆನ್ನೈನಲ್ಲಿ ಅಧಿಕಾರ ಬದಲಾದೊಡನೆ 76 ಸಾಕ್ಷಿಗಳನ್ನು ಮತ್ತೆ ಕರೆಸಲಾಯಿತು, ಹಲವರು ತಮ್ಮ ಹೇಳಿಕೆಯಿಂದ ಹಿಂದೆ ಸರಿದರು. ವಿಚಾರಣೆ ನ್ಯಾಯಯುತವಾಗಿ ನಡೆಯುವ ಭರವಸೆಯಿಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 2003ರಲ್ಲಿ ಅದನ್ನು ಕರ್ನಾಟಕಕ್ಕೆ ವರ್ಗಾಯಿಸಿತು. 2014ರ ಸೆಪ್ಟೆಂಬರ್ 27ರಂದು ವಿಶೇಷ ನ್ಯಾಯಾಲಯ ಶಿಕ್ಷೆ ವಿಧಿಸಿತು. 2015ರ ಮೇ 11ರಂದು ನಮ್ಮ ಉಚ್ಚ ನ್ಯಾಯಾಲಯ ಅದನ್ನು ರದ್ದುಪಡಿಸಿತು. ಆದರೆ ಸಾಲಗಳ ಮೊತ್ತವನ್ನು ಕೂಡುವಲ್ಲಿಯೇ ಅಲ್ಲಿ ತಪ್ಪಾಗಿತ್ತು. 2017ರ ಫೆಬ್ರವರಿ 14ರಂದು ಸರ್ವೋಚ್ಚ ನ್ಯಾಯಾಲಯ ವಿಚಾರಣಾ ನ್ಯಾಯಾಲಯದ ನಿರ್ಣಯವನ್ನು ಮತ್ತೆ ಸ್ಥಾಪಿಸಿತು. ಕ್ರಮಬದ್ಧವಾಗಿ ದಾಖಲಾದ ವಿಚಾರಣೆಯು ಮೇಲಿನ ನ್ಯಾಯಾಲಯದ ತಪ್ಪನ್ನೂ ತಡೆದುಕೊಂಡು ನಿಲ್ಲಬಲ್ಲದು ಎಂಬುದು ಇದರಿಂದ ಸ್ಪಷ್ಟ. ಶಿಕ್ಷೆ ನಿಲ್ಲಬೇಕೆಂದು ಬಯಸುವವನಿಗೆ ಕ್ರಮದಷ್ಟು ದೊಡ್ಡ ಸ್ನೇಹಿತ ಇನ್ನೊಂದಿಲ್ಲ.

ಹಾಗಾದರೆ ಎಲ್ಲ ಸಣ್ಣ ತಪ್ಪಿಗೂ ಶಿಕ್ಷೆ ರದ್ದಾಗುತ್ತದೆಯೆ? ಇಲ್ಲ. ಇದನ್ನು ನಮ್ಮಲ್ಲಿ ಬಹು ಜನ ಅರಿಯರು. ಹಿಂದಿನ ದಂಡ ಪ್ರಕ್ರಿಯಾ ಸಂಹಿತೆಯ 465ನೆಯ ಕಲಮು, 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ 511ನೆಯ ಕಲಮಾಗಿ ಮುಂದುವರಿದಿದೆ. ಪ್ರಕ್ರಿಯೆಯ ಲೋಪದಿಂದ ನಿಜವಾಗಿ ನ್ಯಾಯವೇ ವಿಫಲವಾಗಿದ್ದರೆ ಮಾತ್ರ ತೀರ್ಪನ್ನು ತಿರುಗಿಸಬಹುದೆಂದು ಅದು ಸಾರುತ್ತದೆ. ವಿಚಾರಣೆ ನಡೆಯಬೇಕಾಗಿದ್ದ ಸೆಷನ್ಸ್ ವಿಭಾಗ ಬೇರೆ ಎಂಬ ಕಾರಣಕ್ಕೆ ನಮ್ಮ ಉಚ್ಚ ನ್ಯಾಯಾಲಯ ಒಂದು ಶಿಕ್ಷೆಯನ್ನು ರದ್ದುಪಡಿಸಿದಾಗ, 1987ರಲ್ಲಿ ಸರ್ವೋಚ್ಚ ನ್ಯಾಯಾಲಯ ಅದನ್ನು ಒಪ್ಪಲಿಲ್ಲ. ಸ್ಥಳ ಬದಲಾದುದರಿಂದ ಆರೋಪಿಗೆ ಅನ್ಯಾಯವಾಗಿಲ್ಲವೆಂದಿತು. ಜಯಲಲಿತಾ ಮೇಲ್ಮನವಿಯಲ್ಲಿಯೂ ಸರ್ಕಾರಿ ಅಭಿಯೋಜಕರ ನೇಮಕ ಕ್ರಮಬದ್ಧವಲ್ಲವೆಂದು 2015ರ ಏಪ್ರಿಲಿನಲ್ಲಿ ಹೇಳಿದ ಅದೇ ನ್ಯಾಯಾಲಯ, ಇಡೀ ಮೇಲ್ಮನವಿಯನ್ನು ಹೊಸದಾಗಿ ಆಲಿಸಬೇಕಾಗಿಲ್ಲವೆಂದೂ ಹೇಳಿತು. ಕಾನೂನು ಕಾಗದದ ತಪ್ಪನ್ನೂ ನ್ಯಾಯದ ತಪ್ಪನ್ನೂ ಬೇರ್ಪಡಿಸಿಯೇ ನೋಡುತ್ತದೆ. ಮೇಲಿನ ನ್ಯಾಯಾಲಯವು ಶಿಕ್ಷೆಯನ್ನು ರದ್ದುಪಡಿಸಿದಾಗ, ಸಾಮಾನ್ಯವಾಗಿ ಅಲ್ಲಿ ‘ಸಣ್ಣ ತಪ್ಪು’ ಆಗಿರುವುದಿಲ್ಲ. ಆರೋಪಿಗೆ ವಕೀಲರಿರಲಿಲ್ಲ, ಅಥವಾ ಅವನ ವಿರುದ್ಧದ ಸಂಗತಿಯನ್ನು ಅವನ ಮುಂದಿಟ್ಟು ವಿವರಣೆ ಕೇಳಿರಲಿಲ್ಲ, ಅಥವಾ ಬಲವಂತದ ತಪ್ಪೊಪ್ಪಿಗೆಯನ್ನು ಸಾಕ್ಷ್ಯವೆಂದು ಬಗೆಯಲಾಗಿತ್ತು.

ಈ ವಿವೇಕ ನಮಗೆ ಹೊಸದಾಗಿ ಕಾಣಬೇಕಾಗಿಲ್ಲ. ಹಿಂಸೆಯ ಮೂಲ ಪ್ರಮಾದದಲ್ಲಿದೆ ಎಂದು ತತ್ತ್ವಾರ್ಥಸೂತ್ರದಲ್ಲಿ ಉಮಾಸ್ವಾಮಿಗಳು ತಿಳಿಸಿದ್ದಾರೆ. ಈರ್ಯಾಸಮಿತಿಯನ್ನು ಪಾಲಿಸುತ್ತ ನೆಲ ನೋಡಿ ನಡೆಯುವ ಮುನಿಯ ಕಾಲಡಿಯಲ್ಲಿ ಜೀವಿಯೊಂದು ಅಕಸ್ಮಾತ್ ಸಿಲುಕಿದರೂ ಅವರಿಗೆ ಹಿಂಸಾದೋಷವಿಲ್ಲ; ಅಜಾಗರೂಕತೆಯಿಂದ ನಡೆದವನು ಜೀವಿ ಸಾಯದಿದ್ದರೂ ದೋಷಿ. ಫಲ ಸರಿಯಾಯಿತೆಂದ ಮಾತ್ರಕ್ಕೆ ಅಜಾಗರೂಕತೆ ಕ್ಷಮ್ಯವಾಗದೆಂಬುದು ನಾವು ಮಕ್ಕಳಿಗೂ ಹೇಳಿಕೊಡುವ ಪಾಠ. ಈ ಅಳತೆಗೋಲನ್ನು ನ್ಯಾಯಾಲಯಕ್ಕೆ ಅನ್ವಯಿಸುವಾಗ ಮಾತ್ರ ‘ಅವನೇ ಮಾಡಿದ್ದಾನೆ, ವಿಚಾರಣೆ ಹೇಗೆ ನಡೆದರೇನು’ ಎಂದು ಕೇಳುವುದು ಯಾವ ಧರ್ಮ? ಒಬ್ಬ ಮನುಷ್ಯನ ಪ್ರಾಣವನ್ನೋ ಇಡೀ ಬಾಳನ್ನೋ ಕಸಿಯುವ ಕ್ರಿಯೆಯಲ್ಲಿ ತೋರುವ ಪ್ರಮಾದಕ್ಕಿಂತ ಘೋರವಾದ ಪ್ರಮಾದ ಲೋಕದಲ್ಲಿ ಯಾವುದಿದೆ?

ಈ ಮಾತು ನಮ್ಮನ್ನು ನೇರವಾಗಿ ಮುಟ್ಟುವ ಗಾಯವೊಂದಿದೆ. 2023ರ ಜುಲೈನಲ್ಲಿ ಚಿಕ್ಕೋಡಿ ತಾಲ್ಲೂಕಿನ ಹಿರೇಕೋಡಿಯ ಆಚಾರ್ಯ ಶ್ರೀ ಕಾಮಕುಮಾರ ನಂದಿ ಮಹಾರಾಜರ ಹತ್ಯೆಯಾದಾಗ ಇಡೀ ಸಮಾಜ ತಲ್ಲಣಿಸಿತು. ಇಬ್ಬರನ್ನು ಬಂಧಿಸಲಾಯಿತು. ತನಿಖೆಯನ್ನು ಸರ್ಕಾರ ಸಿಐಡಿಗೆ ಒಪ್ಪಿಸಿತು. ಊರೂರುಗಳಲ್ಲಿ ಮೌನ ಮೆರವಣಿಗೆ ನಡೆದವು. ಆ ದುಃಖ ನಮ್ಮೆಲ್ಲರದು. ಆದರೆ ಇಂಥ ದುಃಖದ ದಿನಗಳಲ್ಲಿ ಎಲ್ಲ ಸಮಾಜಗಳಿಂದಲೂ ಹೊರಡುವ ಎರಡು ಬೇಡಿಕೆಗಳ ಬಗ್ಗೆ ಎಚ್ಚರ ಅಗತ್ಯ. ಕೆಲವೇ ದಿನಗಳಲ್ಲಿ ಗಲ್ಲು ಶಿಕ್ಷೆಯಾಗಲಿ ಎಂಬುದು ಒಂದು, ಆರೋಪಿಗಳ ಪರ ಯಾವ ವಕೀಲರೂ ನಿಲ್ಲಬಾರದು ಎಂಬುದು ಇನ್ನೊಂದು. ಮೊದಲನೆಯ ಬೇಡಿಕೆ ಈಡೇರಿದರೆ ಏನಾಗುತ್ತದೆಂಬುದನ್ನು ಖಂಡ್ವಾದಲ್ಲಿ ಕಂಡೆವು. ಎರಡನೆಯದು ಕಾನೂನುಬಾಹಿರ. ವಕೀಲರ ಸಂಘಗಳು ಅಂಥ ನಿರ್ಣಯ ಕೈಗೊಳ್ಳುವುದು ಸಂವಿಧಾನಕ್ಕೆ ವಿರುದ್ಧವೆಂದು ಸರ್ವೋಚ್ಚ ನ್ಯಾಯಾಲಯ 2010ರಲ್ಲಿಯೇ ಹೇಳಿದೆ. 2020ರಲ್ಲಿ ಹುಬ್ಬಳ್ಳಿಯ ವಕೀಲರ ಸಂಘವು ಇಂಥದೊಂದು ನಿರ್ಣಯ ಕೈಗೊಂಡಾಗ ನಮ್ಮ ಉಚ್ಚ ನ್ಯಾಯಾಲಯ ಅದನ್ನು ಕಟುವಾಗಿ ಆಕ್ಷೇಪಿಸಿತು. ಪೂಜ್ಯರ ಹತ್ಯೆಯ ಪ್ರಕರಣದಲ್ಲಿ ನ್ಯಾಯ ದೊರಕಬೇಕೆಂದು ನಿಜವಾಗಿ ಬಯಸುವವರು, ಆರೋಪಿಗಳಿಗೆ ಸಮರ್ಥ ವಕೀಲರಿರಲಿ ಎಂದೇ ಬಯಸಬೇಕು. ಸಮರ್ಥ ಪಾಟೀಸವಾಲನ್ನು ಎದುರಿಸಿ ನಿಂತ ಸಾಕ್ಷ್ಯವು ಮೇಲ್ಮನವಿಯಲ್ಲಿಯೂ ನಿಲ್ಲುತ್ತದೆ. ಯಾರೂ ಪ್ರಶ್ನಿಸದ ಸಾಕ್ಷ್ಯವು ಮೊದಲ ಪ್ರಶ್ನೆಗೇ ಬೀಳುತ್ತದೆ.

ಶಿಕ್ಷೆಯಾದ ಮೇಲೂ ಕ್ರಮ ಮುಗಿಯುವುದಿಲ್ಲ. ಅನೇಕ ಕೊಲೆ ಪ್ರಕರಣಗಳಲ್ಲಿ ಹೆಸರಾದ ಬಿ.ಎ. ಉಮೇಶ್‌ನ ಮರಣದಂಡನೆಯನ್ನು 2022ರ ನವೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯ ಕನಿಷ್ಠ ಮೂವತ್ತು ವರ್ಷ ಸೆರೆಯಲ್ಲಿರಬೇಕಾದ ಜೀವಾವಧಿ ಶಿಕ್ಷೆಗೆ ಇಳಿಸಿತು. ಬೆಳಗಾವಿಯ ಸೆರೆಮನೆಯಲ್ಲಿ ಅವನನ್ನು ಹತ್ತು ವರ್ಷ ಕಾನೂನಿನ ಅನುಮತಿಯಿಲ್ಲದೆ ಏಕಾಂತದಲ್ಲಿಟ್ಟಿದ್ದರು ಎಂಬುದೇ ಕಾರಣ. ಅವನ ಕೃತ್ಯಗಳನ್ನು ಯಾರೂ ಸಮರ್ಥಿಸಿರಲಿಲ್ಲ, ಶಿಕ್ಷೆಯ ತೀರ್ಮಾನವೂ ಉಳಿಯಿತು. ಆದರೆ ರಾಜ್ಯವು ತಾನೇ ಬರೆದ ನಿಯಮವನ್ನು ಮುರಿದು ಇನ್ನೊಬ್ಬನಿಂದ ನಿಯಮಪಾಲನೆ ಕೇಳುವಂತಿಲ್ಲ ಎಂಬ ತತ್ತ್ವ ಎಲ್ಲಕ್ಕಿಂತ ಕ್ರೂರನೆನಿಸಿದವನಿಗೂ ಅನ್ವಯಿಸಿತು. ಅವನಿಗೆ ಅನ್ವಯಿಸದ ತತ್ತ್ವವು ನಾಳೆ ನಿರಪರಾಧಿಯನ್ನು ಕಾಪಾಡುತ್ತದೆಂದು ನಂಬಲು ಆಧಾರವಿರುತ್ತಿರಲಿಲ್ಲ.

ಇಷ್ಟು ಹೇಳಿದ ಮೇಲೆ, ಕೇವಲ ಪೊಲೀಸರನ್ನೂ ನ್ಯಾಯಾಧೀಶರನ್ನೂ ದೂಷಿಸಿ ಕೈತೊಳೆದುಕೊಳ್ಳುವಂತಿಲ್ಲ. ಶಿಕ್ಷೆಗಳು ಬೀಳುವುದಕ್ಕೆ ನಾಗರಿಕರ ಪ್ರಮಾದವೂ ಕಾರಣ. ಪಂಚನಾಮೆಯನ್ನೇ ತೆಗೆದುಕೊಳ್ಳಿ. ಮಾರುಕಟ್ಟೆಯ ವರ್ತಕರನ್ನೋ ಬಸದಿಯ ಗುಮಾಸ್ತರನ್ನೋ ಪಂಚರಾಗಿ ಕರೆಯುವುದು ವಾಡಿಕೆ. ವಶಪಡಿಸಿಕೊಂಡ ವಸ್ತುವನ್ನು ಕಣ್ಣಾರೆ ನೋಡದೆ, ಬರೆದುದನ್ನು ಓದದೆ, ‘ಸಹಿ ತಾನೆ’ ಎಂದು ಹಾಕಿಬರುವವರು ಎಷ್ಟು ಜನ! ಐದಾರು ವರ್ಷಗಳ ತರುವಾಯ ಸಾಕ್ಷಿಕಟ್ಟೆಯಲ್ಲಿ ನಿಂತು ‘ಠಾಣೆಯಲ್ಲಿ ಸಹಿ ಮಾಡಿದೆ, ಏನೂ ನೋಡಲಿಲ್ಲ’ ಎಂದಾಗ ಪ್ರಕರಣ ಕುಸಿಯುತ್ತದೆ. ಆಗ ಇವರೇ ಮನೆಗೆ ಬಂದು ಕಾನೂನಿಗೆ ಕಣ್ಣಿಲ್ಲ ಎನ್ನುತ್ತಾರೆ. ಕಾಣದುದನ್ನು ಕಂಡೆನೆಂದು ಸಹಿ ಮಾಡುವುದು ಸತ್ಯಾಣುವ್ರತಕ್ಕೆ ಭಂಗವೆಂಬುದನ್ನು ಯಾವ ಶ್ರಾವಕನಿಗೂ ಬಿಡಿಸಿ ಹೇಳಬೇಕಾಗಿಲ್ಲ.

ವಿಶ್ವಸ್ತ ಮಂಡಳಿಗಳ ಹೊಣೆ ಇನ್ನೂ ದೊಡ್ಡದು. ಮಂದಾರಗಿರಿಯಿಂದ ನಿಟ್ಟೂರಿನವರೆಗೆ ನಮ್ಮ ಭಾಗದಲ್ಲಿರುವ ಪ್ರಾಚೀನ ಬಸದಿಗಳ ಜಿನಬಿಂಬಗಳು ಬೆಲೆ ಕಟ್ಟಲಾಗದವು. ಅವುಗಳಲ್ಲಿ ಒಂದು ಕಳುವಾಗಿ ಮರಳಿ ಸಿಕ್ಕಿತೆನ್ನೋಣ. ಇದು ನಮ್ಮದೇ ಬಿಂಬವೆಂದು ನ್ಯಾಯಾಲಯದಲ್ಲಿ ತೋರಿಸುವುದು ಹೇಗೆ? ಎತ್ತರ, ತೂಕ, ಲೋಹ, ಪೀಠದ ಶಾಸನ, ಹಿಂದಿನ ಗಾಯದ ಗುರುತು ಇವುಗಳನ್ನು ದಿನಾಂಕ ಸಹಿತ ದಾಖಲಿಸಿದ ಪುಸ್ತಕವಿದೆಯೆ? ನಾಲ್ಕು ಕಡೆಯ ಛಾಯಾಚಿತ್ರವಿದೆಯೆ? ಸಿಸಿಟಿವಿ ಹಾಕಿಸಿದರೆ ಸಾಲದು. ಅದರ ದೃಶ್ಯದ ಪ್ರತಿಯನ್ನು ಸಾಕ್ಷ್ಯವಾಗಿ ಸ್ವೀಕರಿಸಬೇಕಾದರೆ ಕಾನೂನು ಹೇಳಿದ ಪ್ರಮಾಣಪತ್ರ ಬೇಕೆಂದು ಸರ್ವೋಚ್ಚ ನ್ಯಾಯಾಲಯ 2014ರಲ್ಲಿಯೂ 2020ರಲ್ಲಿಯೂ ಸ್ಪಷ್ಟಪಡಿಸಿದೆ. ಈಗ ಅದು ಭಾರತೀಯ ಸಾಕ್ಷ್ಯ ಅಧಿನಿಯಮದ 63ನೆಯ ಕಲಮಿನಲ್ಲಿದೆ. ಶೋಧ ಮತ್ತು ವಶಪಡಿಸಿಕೊಳ್ಳುವಿಕೆಯನ್ನು ಧ್ವನಿ ಮತ್ತು ದೃಶ್ಯ ಸಹಿತ ಚಿತ್ರೀಕರಿಸಬೇಕೆಂದು ಹೊಸ ಸಂಹಿತೆಯ 105ನೆಯ ಕಲಮು ಹೇಳುತ್ತದೆ. ತನಿಖಾಧಿಕಾರಿ ಬಂದಾಗ ಇವು ನಡೆಯುತ್ತಿವೆಯೆ ಎಂದು ವಿನಯದಿಂದ ಕೇಳುವುದು ಉದ್ಧಟತನವಲ್ಲ, ಕರ್ತವ್ಯ.

ಪ್ರತಿಯೊಂದು ವಿಶ್ವಸ್ತ ಮಂಡಳಿಯೂ ಈ ವರ್ಷದ ಸಭೆಯಲ್ಲಿ ಮೂರು ನಿರ್ಣಯಗಳನ್ನು ಕೈಗೊಳ್ಳಲಿ. ಬಿಂಬಗಳ ದಾಖಲೆ ಪುಸ್ತಕವನ್ನು ಪೂರ್ಣಗೊಳಿಸುವುದು ಒಂದು. ಸಿಸಿಟಿವಿ ಯಂತ್ರದ ಹೊಣೆಯನ್ನು ಹೆಸರು ಹೇಳಿ ಒಬ್ಬರಿಗೆ ವಹಿಸುವುದು ಎರಡು. ಮಂಡಳಿಯ ಯಾವ ಸದಸ್ಯನೂ ನೌಕರನೂ ಕಾಣದುದಕ್ಕೆ ಪಂಚನಾಗಿ ಸಹಿ ಹಾಕಬಾರದು, ಕಂಡುದನ್ನು ಹೇಳಲು ನ್ಯಾಯಾಲಯಕ್ಕೆ ಹೋಗುವುದನ್ನು ತಪ್ಪಿಸಲೂ ಬಾರದು ಎಂಬುದು ಮೂರು. ಇನ್ನು ಮುಂದೆ ಯಾರಾದರೂ ‘ತಾಂತ್ರಿಕ ಕಾರಣ’ ಎಂದು ನಿಟ್ಟುಸಿರಿಟ್ಟರೆ, ಯಾವ ಕ್ರಮವನ್ನು ಯಾರು ಪಾಲಿಸಲಿಲ್ಲ ಎಂದು ಅವರನ್ನು ಕೇಳೋಣ. ಉತ್ತರ ಸಿಕ್ಕುವವರೆಗೆ ತೀರ್ಪು ಕೊಟ್ಟವರನ್ನು ನಿಂದಿಸದಿರೋಣ.